ಸವಾರನ ಮೊಣಕಾಲು

ಸ್ಯಾನ್ ಫ್ರಾನ್ಸಿಸ್ಕೋದ ದಕ್ಷಿಣಕ್ಕೆ, ಒಂದು ಮಗ್ಗುಲಲ್ಲಿ ಸಮುದ್ರವನ್ನೂ ಇನ್ನೊಂದು ಮಗ್ಗುಲಲ್ಲಿ ಸಿಲಿಕಾನ್ ಕಣಿವೆಯನ್ನೂ ಇಟ್ಟುಕೊಂಡು ಬೆಟ್ಟದ ನೆತ್ತಿಯ ಮೇಲೆ ಸಾಗುವ ರಸ್ತೆಯೊಂದಿದೆ. ಹೆದ್ದಾರಿ 35, ಜನ ಕರೆಯುವುದು ಸ್ಕೈಲೈನ್ ಬುಲೆವಾರ್ಡ್ ಎಂದು. ಅದರಿಂದ ಕೆಳಕ್ಕಿಳಿಯುವ ಕವಲೊಂದರಲ್ಲಿ, ರೆಡ್‌ವುಡ್ ಮರಗಳ ನೆರಳಿನಲ್ಲಿ, ಒಂದು ಎಡ ತಿರುವು ಬರುತ್ತದೆ. ತಿರುವಿನ ನಟ್ಟನಡುವೆ, ಕಾರು ಪೂರ್ತಿ ಬಲಕ್ಕೆ ಒರಗಿರುವ ಹೊತ್ತಿಗೆ ಸರಿಯಾಗಿ, ಡಾಂಬರು ಕುಸಿದು ಒಂದು ತಗ್ಗು ಬಿದ್ದಿದೆ. ಮಳೆಗಾಲದಲ್ಲಿ ದೊಡ್ಡದಾಗುತ್ತದೆ, ಬೇಸಿಗೆಯಲ್ಲಿ ತೇಪೆ ಹಾಕುತ್ತಾರೆ, ಮುಂದಿನ ಮಳೆಗೆ ಮತ್ತೆ ಬಾಯಿ ಬಿಡುತ್ತದೆ.

1992ರ ನನ್ನ ಕೆಂಪು ಮಜ್ದಾ ಮಿಯಾಟಾದಲ್ಲಿ ಮೂರು ಬಗೆಯ ಸಸ್ಪೆನ್ಶನ್ ಹಾಕಿಕೊಂಡು ನಾನು ಈ ತಗ್ಗನ್ನು ದಾಟಿದ್ದೇನೆ. ಮೊದಲನೆಯದು ಕಾರಿನ ಜೊತೆಗೇ ಬಂದದ್ದು, ಎಣ್ಣೆ ಸೋರಿ ಸತ್ತುಹೋಗಿದ್ದ ಹಳೆಯ ಶಾಕ್‌ಗಳು. ತಗ್ಗು ದಾಟಿ ಮುಂದೆ ಹೋದ ಮೇಲೂ ಕಾರಿನ ಮೂಗು ಮೂರು ಸಲ ತೂಗಿ ಆಮೇಲೆ ನಿಲ್ಲುತ್ತಿತ್ತು. ಎರಡನೆಯದು ಅಪ್‌ಗ್ರೇಡ್ ಎಂಬ ಹೆಸರಿನಲ್ಲಿ ಕೊಂಡ ಕಾಯ್ಲೋವರ್ ಸೆಟ್ಟು, ಎಂದರೆ ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿಗಳು. ಅದನ್ನು ಹಾಕಿಸಿದ ಮೊದಲ ವಾರವೇ, ಅದೇ ತಗ್ಗಿನಲ್ಲಿ, ಕಾರಿನ ಹಿಂಭಾಗ ನೆಲ ಬಿಟ್ಟು ಒಂದು ಗೇಣು ಪಕ್ಕಕ್ಕೆ ಹಾರಿ ಕೂತಿತು. ಎದುರಿನಿಂದ ಯಾರೂ ಬರುತ್ತಿರಲಿಲ್ಲ. ಮೂರನೆಯದು ಈಗ ಇರುವುದು. ಅದರ ಮಾತು ಆಮೇಲೆ.

ಈ ಬರಹ ಮುಖ್ಯವಾಗಿ ಆ ಎರಡನೆಯ ಘಟ್ಟದ ಬಗ್ಗೆ. ಹಳೆಯ ಸ್ಪೋರ್ಟ್ಸ್ ಕಾರು ಕೈಗೆ ಬಂದ ಕೂಡಲೇ ಅದರ ಕಾಲು ಬಿಚ್ಚಿ, ಗಟ್ಟಿ ಸ್ಪ್ರಿಂಗ್ ಹಾಕಿ, ಚಕ್ರದ ಕಮಾನಿನೊಳಗೆ ಬೆರಳು ತೂರದಷ್ಟು ಕೆಳಕ್ಕೆ ಇಳಿಸುವುದು ಒಂದು ಸಂಪ್ರದಾಯವೇ ಆಗಿಬಿಟ್ಟಿದೆ. ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಎಷ್ಟು ಇಳಿಸಬೇಕು, ಯಾವ ಸೆಟ್ಟು ಕೊಳ್ಳಬೇಕು ಎಂಬುದಷ್ಟೇ ಚರ್ಚೆ. ನನಗೆ ಇದು, ಒಬ್ಬರು ಬರೆದ ಪಠ್ಯವನ್ನು ಇನ್ನೊಬ್ಬರು ತಿದ್ದುವ ಕೆಲಸದ ಹಾಗೆ ಕಾಣುತ್ತದೆ. ತಿದ್ದುವವರು ಮೊದಲು ಮೂಲವನ್ನು ಓದಿರಬೇಕು.

ಮೂಲ ಯಾವುದು? 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಶೋನಲ್ಲಿ ಈ ಕಾರು ಮೊದಲ ಸಲ ಜನರೆದುರು ನಿಂತಿತು. ಅಮೆರಿಕದಲ್ಲಿ ಮಿಯಾಟಾ, ಯುರೋಪಿನಲ್ಲಿ ಎಂಎಕ್ಸ್-5, ತವರಿನಲ್ಲಿ ಯೂನೋಸ್ ರೋಡ್‌ಸ್ಟರ್. ಆ ಹೊತ್ತಿಗೆ ಬ್ರಿಟಿಷರ ಹಗುರ ರೋಡ್‌ಸ್ಟರ್‌ಗಳ ಕಾಲ ಮುಗಿದೇ ಹೋಗಿತ್ತು. ಅವುಗಳಲ್ಲೊಂದಾದ ಎಂಜಿಬಿ 1980ರಲ್ಲೇ ನಿಂತಿತ್ತು. ಹಿರೋಶಿಮಾದಲ್ಲಿ ತೋಶಿಹಿಕೊ ಹಿರಾಯ್ ಅವರ ಮುಂದಾಳುತನದ ತಂಡ, 1962ರ ಲೋಟಸ್ ಎಲಾನ್ ಕಾರನ್ನು ಕಣ್ಣಮುಂದೆ ಇಟ್ಟುಕೊಂಡು, ಆ ಕುಲವನ್ನು ಮತ್ತೆ ಹುಟ್ಟಿಸಿತು. ತೂಕ ಒಂದು ಟನ್ನಿಗಿಂತ ಕಡಿಮೆ. ಎಂಜಿನ್ 1.6 ಲೀಟರ್, 116 ಅಶ್ವಶಕ್ತಿ. ಗೇರ್‌ಬಾಕ್ಸಿನಿಂದ ಹಿಂದಿನ ಡಿಫರೆನ್ಷಿಯಲ್‌ವರೆಗೆ ಅಲ್ಯೂಮಿನಿಯಂ ತೊಲೆಯೊಂದನ್ನು ಕಟ್ಟಿದರು, ಆಕ್ಸಿಲರೇಟರ್ ಒತ್ತಿದ್ದು ನಡುವೆ ಎಲ್ಲೂ ತಡವರಿಸದೆ ಚಕ್ರಕ್ಕೆ ಮುಟ್ಟಲಿ ಎಂದು. ನಾಲ್ಕೂ ಚಕ್ರಗಳಿಗೆ ಡಬಲ್ ವಿಶ್‌ಬೋನ್ ಕೊಟ್ಟರು. ಒಂದರ ಮೇಲೊಂದು ಎರಡು ತ್ರಿಕೋನ ತೋಳುಗಳು ಚಕ್ರವನ್ನು ಹಿಡಿದುಕೊಂಡಿರುವ ಈ ಏರ್ಪಾಡಿನಲ್ಲಿ, ಮೈ ಒರಗಿದಾಗಲೂ ಟಯರು ನೆಲಕ್ಕೆ ಆದಷ್ಟು ನೆಟ್ಟಗೆ ನಿಲ್ಲುತ್ತದೆ. ಅಗ್ಗದ ದಾರಿ ಬೇರೆ ಇತ್ತು. ಆ ಬೆಲೆಯ ಕಾರುಗಳಲ್ಲಿ ಹೆಚ್ಚಿನವು ಮೇಲ್ತೋಳಿಲ್ಲದ ಮ್ಯಾಕ್‌ಫರ್ಸನ್ ಸ್ಟ್ರಟ್ ಹಾಕಿಕೊಂಡು ಸುಮ್ಮನಿದ್ದವು.

ಇಷ್ಟು ದುಬಾರಿ ತೋಳುಗಳನ್ನು ಕೊಟ್ಟವರು ಸ್ಪ್ರಿಂಗ್ ಮಾತ್ರ ಮೆತ್ತಗೆ ಇಟ್ಟರು. ತಿರುವಿನಲ್ಲಿ ಕಾರು ಕಣ್ಣಿಗೆ ಕಾಣುವಷ್ಟು ಒರಗುತ್ತದೆ. ಆ ಕಾಲದ ಫೋಟೊಗಳಲ್ಲೂ ಹೊರಮಗ್ಗುಲ ಚಕ್ರ ಕಮಾನಿನೊಳಗೆ ಹುದುಗಿರುವುದು ಕಾಣುತ್ತದೆ. ಗಟ್ಟಿ ಸ್ಪ್ರಿಂಗ್ ಪಕ್ಷದವರು ಇದನ್ನು ಕಂಪನಿ ಮಾಡಿದ ರಾಜಿ ಎನ್ನುತ್ತಾರೆ. ಮಧ್ಯವಯಸ್ಸಿನ ಗಿರಾಕಿಗಳ ಬೆನ್ನು ನೋಯಬಾರದು ಎಂದು ಮಾಡಿದ್ದು, ಅದನ್ನು ತಿದ್ದುವುದೇ ನಮ್ಮ ಕೆಲಸ ಎಂಬ ವಾದ. ನನಗೆ ಒಪ್ಪಿಗೆಯಿಲ್ಲ. ಎಲಾನ್ ಕಾರಿನ ಸ್ಪ್ರಿಂಗ್ ಕೂಡ ಮೆತ್ತಗೇ ಇತ್ತು, ರೇಸಿನಲ್ಲಿ ಗೆಲ್ಲುವುದನ್ನೇ ಉಸಿರಾಡುತ್ತಿದ್ದ ಲೋಟಸ್‌ನ ಕಾಲಿನ್ ಚಾಪ್‌ಮನ್ ಅದನ್ನು ಹಾಗೆ ಮಾಡಿದ್ದ. ಹಗುರ ಕಾರಿಗೆ ಮೆತ್ತನೆಯ ಸ್ಪ್ರಿಂಗ್, ಉದ್ದದ ಏರಿಳಿತ, ಅದನ್ನು ಬಿಗಿಹಿಡಿಯುವ ಒಳ್ಳೆಯ ಶಾಕ್: ಇದೊಂದು ಪೂರ್ಣ ಆಲೋಚನೆ.

ಮಜ್ದಾದವರು ತಮ್ಮ ಆಲೋಚನೆಗೆ ಇಟ್ಟ ಹೆಸರು 'ಜಿನ್‌ಬಾ ಇತ್ತಾಯ್'. ಮನುಷ್ಯ, ಕುದುರೆ, ಒಂದೇ ದೇಹ. ಜಾಹೀರಾತಿನಲ್ಲಿ ಸವೆದು ಹೋದ ಮಾತು ಎಂದು ನಾನೂ ತುಂಬ ದಿನ ಪಕ್ಕಕ್ಕಿಟ್ಟಿದ್ದೆ. ಆಮೇಲೆ ಯಾಬುಸಾಮೆಯ ವಿಡಿಯೊಗಳನ್ನು ನೋಡಿದೆ. ಓಡುವ ಕುದುರೆಯ ಮೇಲಿಂದ ಬಾಣ ಬಿಡುವ ಜಪಾನಿನ ಹಳೆಯ ಕಲೆ ಅದು. ಕಾಮಾಕುರದ ತ್ಸುರುಗಓಕಾ ಹಚಿಮಾನ್ ದೇಗುಲದ ಎದುರು ಈಗಲೂ ಪ್ರತಿವರ್ಷ ನಡೆಯುತ್ತದೆ. ಕುದುರೆ ನಾಗಾಲೋಟದಲ್ಲಿ ಓಡುತ್ತಿರುತ್ತದೆ. ಬಿಲ್ಲುಗಾರ ಎರಡೂ ಕೈಯಲ್ಲಿ ಬಿಲ್ಲು ಹಿಡಿದಿರುವುದರಿಂದ ಲಗಾಮು ಬಿಟ್ಟಿರುತ್ತಾನೆ. ಅವನು ಜೀನಿನ ಮೇಲೆ ಕೂತಿರುವುದಿಲ್ಲ. ರಿಕಾಪಿನಲ್ಲಿ ಕಾಲೂರಿ, ಜೀನಿಗೂ ತನಗೂ ನಡುವೆ ಒಂದು ಕಾಗದ ತೂರುವಷ್ಟು ಸಂದು ಬಿಟ್ಟು, ಮೊಣಕಾಲು ಮಡಿಸಿ ನಿಂತಿರುತ್ತಾನೆ. ಆ ಭಂಗಿಗೆ ತಾಚಿಸುಕಾಶಿ ಎಂದು ಹೆಸರು. ಕುದುರೆಯ ಬೆನ್ನು ಏರುತ್ತದೆ, ಇಳಿಯುತ್ತದೆ. ಮೊಣಕಾಲು ಅಷ್ಟನ್ನೂ ನುಂಗುತ್ತದೆ. ಸೊಂಟದಿಂದ ಮೇಲಕ್ಕೆ ಅವನು ನೀರಿನ ಮೇಲಿನ ಎಲೆಯ ಹಾಗೆ ನಿಶ್ಚಲ. ಮೊಣಕಾಲನ್ನು ಗಟ್ಟಿ ಮಾಡಿಕೊಂಡರೆ ಬಾಣ ಗುರಿಗಲ್ಲ, ಗಿಡದ ಕೊಂಬೆಗೆ ಹೋಗುತ್ತದೆ.

ಆ ವಿಡಿಯೊ ನೋಡಿದ ರಾತ್ರಿ ನನಗೆ ನನ್ನ ಕಾಯ್ಲೋವರ್‌ಗಳ ಬಗ್ಗೆ ಇದ್ದ ಅಭಿಮಾನ ಕರಗಿತು.

ಲೆಕ್ಕದಲ್ಲೂ ಅದೇ ಬರುತ್ತದೆ. ಸ್ಪ್ರಿಂಗ್ ಮೇಲೆ ಕೂತ ಯಾವ ತೂಕಕ್ಕೂ ತನ್ನದೇ ಒಂದು ಲಯ ಇರುತ್ತದೆ. ಒಮ್ಮೆ ಒತ್ತಿ ಬಿಟ್ಟರೆ ಸೆಕೆಂಡಿಗೆ ಇಷ್ಟು ಸಲ ಎಂದು ಏರಿಳಿಯುತ್ತದೆ. ಸಾಧಾರಣ ಕಾರುಗಳಲ್ಲಿ ಅದು ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ. ನಾವು ನಿಧಾನಕ್ಕೆ ನಡೆಯುವಾಗ ನಮ್ಮ ಮೈ ಏರಿಳಿಯುವ ಲಯಕ್ಕೆ ಅದು ಹತ್ತಿರ, ಆದ್ದರಿಂದಲೇ ಮೈಗೆ ಒಗ್ಗುತ್ತದೆ ಎನ್ನುತ್ತಾರೆ. ನನ್ನ ಕಾರಿನ ಮುಂದಿನ ಮೂಲೆಯೊಂದರ ಲೆಕ್ಕ ಹಾಕಿದೆ. ಕಾರ್ಖಾನೆಯ ಸ್ಪ್ರಿಂಗನ್ನು ಒಂದು ಮಿಲಿಮೀಟರ್ ಒತ್ತಲು ಹೆಚ್ಚುಕಡಿಮೆ 3 ಕೆಜಿ ಬೇಕು. ಸ್ಪ್ರಿಂಗ್ ಕೂತಿರುವುದು ತೋಳಿನ ಒಳಭಾಗದಲ್ಲಾದ್ದರಿಂದ ಚಕ್ರಕ್ಕೆ ಸಿಗುವ ಬಿಗಿ ಅದರ ಅರ್ಧದಷ್ಟು. ಚಾಲಕನನ್ನೂ ಸೇರಿಸಿ ಆ ಮೂಲೆ ಹೊರುವ ತೂಕ ಸುಮಾರು 225 ಕೆಜಿ. ಗುಣಿಸಿ ಭಾಗಿಸಿದರೆ ಸೆಕೆಂಡಿಗೆ ಒಂದೂಕಾಲು ಸಲ ಬಂತು. ಇನ್ನು ನಾನು ಕೊಂಡ ಸೆಟ್ಟು, ಮುಂದೆ 8 ಕೆಜಿಯದು. ಅದರಲ್ಲಿ ಸೆಕೆಂಡಿಗೆ ಎರಡು ಸಲ ದಾಟಿತು. ಅದು ಕನ್ನಡಿಯಂಥ ರೇಸ್ ಟ್ರ್ಯಾಕಿನಲ್ಲಿ ಓಡುವ ಕಾರಿನ ಲಯ.

ಇನ್ನೂ ಒಂದು ಲೆಕ್ಕವಿದೆ, ಸೆಟ್ಟು ಮಾರುವವರು ಯಾರೂ ಅದನ್ನು ಹೇಳುವುದಿಲ್ಲ. ನಿಂತ ಕಾರಿನ ತೂಕಕ್ಕೆ ಸ್ಪ್ರಿಂಗ್ ಎಷ್ಟು ಕುಗ್ಗಿರುತ್ತದೆಯೋ, ತಗ್ಗು ಬಂದಾಗ ಚಕ್ರ ಅಷ್ಟೇ ದೂರ ಕೆಳಕ್ಕೆ ಚಾಚಿ ನೆಲವನ್ನು ಹುಡುಕಬಲ್ಲದು. ಮೆತ್ತನೆಯ ಸ್ಪ್ರಿಂಗಿನಲ್ಲಿ ಚಕ್ರದ ಅಳತೆಯಲ್ಲಿ ಅದು ಸುಮಾರು 150 ಮಿ.ಮೀ. ಬರುತ್ತದೆ, ಶಾಕ್‌ನ ಉದ್ದ ಅದಕ್ಕೆ ಮೊದಲೇ ಮುಗಿಯುವುದು ಬೇರೆ ಮಾತು. ಗಟ್ಟಿ ಸ್ಪ್ರಿಂಗಿನಲ್ಲಿ 60 ಮಿ.ಮೀ.ಗೂ ಕಡಿಮೆ. ತಿರುವಿನಲ್ಲಿ ಒಳಮಗ್ಗುಲ ಚಕ್ರದ ಮೇಲಿನ ಭಾರ ಮೊದಲೇ ಇಳಿದಿರುತ್ತದೆ, ಸ್ಪ್ರಿಂಗ್ ಆಗಲೇ ಚಾಚಿಕೊಂಡಿರುತ್ತದೆ. ಆ ಹೊತ್ತಿಗೆ ತಗ್ಗು ಬಂದರೆ ಚಾಚಲು ಉಳಿದಿರುವುದು ಏನೂ ಇಲ್ಲ. ಚಕ್ರ ಗಾಳಿಯಲ್ಲಿ ನಿಲ್ಲುತ್ತದೆ. ನನ್ನ ಕಾರು ಪಕ್ಕಕ್ಕೆ ಹಾರಿದ್ದು ಹಾಗೆ.

ಸ್ಪ್ರಿಂಗಿನ ಲಯದ ವಿಷಯದಲ್ಲಿ ಮಾರಿಸ್ ಓಲಿ ಎಂಬ ಎಂಜಿನಿಯರನನ್ನು ನೆನೆಯದೆ ಮುಂದೆ ಹೋಗಲು ಮನಸ್ಸಿಲ್ಲ. ರೋಲ್ಸ್ ರಾಯ್ಸ್‌ನಲ್ಲಿದ್ದು 1930ರಲ್ಲಿ ಜನರಲ್ ಮೋಟಾರ್ಸ್‌ಗೆ ಬಂದವನು. ಕಾರಿನ ಮುಂದೆ ಹಿಂದೆ ತೂಕದ ಗುಂಡುಗಳನ್ನು ಜರುಗಿಸುತ್ತ, ಸ್ಪ್ರಿಂಗುಗಳನ್ನು ಬದಲಾಯಿಸುತ್ತ, ಮನುಷ್ಯನಿಗೆ ಯಾವ ಓಟ ಹಿತ ಎಂದು ಹುಡುಕಿದ. ಅವನು ಕಂಡುಕೊಂಡದ್ದು ಇದು. ಹಂಪ್ ಮೊದಲು ಸಿಗುವುದು ಮುಂದಿನ ಚಕ್ರಕ್ಕೆ, ಒಂದು ಕ್ಷಣದ ಮೇಲೆ ಹಿಂದಿನದಕ್ಕೆ. ಎರಡರ ಲಯ ಒಂದೇ ಆಗಿದ್ದರೆ ಮೂಗು ಇಳಿಯುವಾಗ ಬಾಲ ಏರುತ್ತದೆ, ಕಾರು ದೋಣಿಯ ಹಾಗೆ ತೊನೆಯುತ್ತದೆ. ಹಿಂದಿನ ಲಯ ಸ್ವಲ್ಪ ಚುರುಕಾಗಿದ್ದರೆ ಅದು ಓಡಿಬಂದು ಮುಂದಿನದನ್ನು ಸೇರಿಕೊಳ್ಳುತ್ತದೆ, ಕಾರು ಸಮತಟ್ಟಾಗಿ ಏರಿ ಸಮತಟ್ಟಾಗಿ ಇಳಿಯುತ್ತದೆ. ಶಿರಾಡಿಯಲ್ಲೋ ಆಗುಂಬೆಯಲ್ಲೋ ಬಸ್ಸಿನ ಕಟ್ಟಕಡೆಯ ಸೀಟಿನಲ್ಲಿ ಕೂತು ಬಂದವರಿಗೆ ಈ ತೊನೆದಾಟ ಏನೆಂದು ವಿವರಿಸಬೇಕಿಲ್ಲ. ಮುಂದೆಷ್ಟು ಕೆಜಿ ಹಿಂದೆಷ್ಟು ಕೆಜಿ ಎಂದು ಪೆಟ್ಟಿಗೆಯ ಮೇಲೆ ಅಚ್ಚುಹಾಕಿದ ಸೆಟ್ಟುಗಳಲ್ಲಿ ಓಲಿಯ ಈ ಒಂದು ಮಾತನ್ನು ಗಮನಿಸಿ ಮಾಡಿದವು ಬೆರಳೆಣಿಕೆಯಷ್ಟು ಎಂಬುದು ನನ್ನ ಅನುಭವ.

ಇನ್ನು ಇಳಿಸುವ ಮಾತು. ನನ್ನ ಮುಖ್ಯ ತಕರಾರು ಇರುವುದು ಇಲ್ಲೇ. ಮಿಯಾಟಾದ ಮೂಲ ವಿನ್ಯಾಸಕ್ಕೆ ನಿಜವಾದ ಒಂದು ದೋಷ ಇದೆ, ಅದನ್ನು ಮುಚ್ಚಿಡಬಾರದು. ಕಾರ್ಖಾನೆಯಿಂದ ಬಂದ ಎತ್ತರದಲ್ಲೇ ಚಕ್ರಕ್ಕೆ ಮೇಲಕ್ಕೆ ಏರಲು ಇರುವ ಜಾಗ ಕಡಿಮೆ. ಇಬ್ಬರು ಕೂತು, ಡಿಕ್ಕಿಯಲ್ಲಿ ಒಂದು ಚೀಲ ಇಟ್ಟರೆ ಸಾಕು, ಒಂದು ದೊಡ್ಡ ಉಬ್ಬಿಗೆ ಶಾಕ್ ಹೋಗಿ ತನ್ನ ಬಂಪ್‌ಸ್ಟಾಪ್ ಮೇಲೆ ಕೂರುತ್ತದೆ. ಬಂಪ್‌ಸ್ಟಾಪ್ ಎಂದರೆ ಶಾಕ್‌ನ ಕಡ್ಡಿಗೆ ಪೋಣಿಸಿದ ನೊರೆ ರಬ್ಬರಿನ ತುಂಡು. ಅದು ಒತ್ತಿಕೊಂಡ ಕ್ಷಣದಿಂದ ಸ್ಪ್ರಿಂಗಿನ ಮೇಲೆ ಇನ್ನೊಂದು, ಹಲವು ಪಟ್ಟು ಗಟ್ಟಿ ಸ್ಪ್ರಿಂಗ್ ಸೇರಿದ ಹಾಗೆ. ಜಾಗದ ಬಡತನವೇ ಈ ಕಾರಿನ ಕಾಯಿಲೆ. ಇಂಥ ಕಾರನ್ನು 40 ಮಿ.ಮೀ. ಇಳಿಸಿದರೆ ಬಡವನ ಜೇಬಿನಲ್ಲಿದ್ದ ಚಿಲ್ಲರೆಯನ್ನೂ ಕಿತ್ತುಕೊಂಡ ಹಾಗೆ. ಆಮೇಲೆ ಕಾರು ಓಡುವುದು ಸ್ಪ್ರಿಂಗಿನ ಮೇಲೆ ಅಲ್ಲ, ಆ ರಬ್ಬರಿನ ತುಂಡಿನ ಮೇಲೆ.

ಕಾರು ಕೆಳಗಿದ್ದಷ್ಟೂ ಗುರುತ್ವಕೇಂದ್ರ ಕೆಳಗೆ, ಆದ್ದರಿಂದ ಒರಗುವುದು ಕಡಿಮೆ ಎಂದು ಎಲ್ಲರೂ ನಂಬುತ್ತಾರೆ. ಅರ್ಧ ನಿಜ. ವಿಶ್‌ಬೋನ್ ತೋಳುಗಳ ಓರೆ ಬದಲಾದಾಗ ಕಾರು ಯಾವ ಬಿಂದುವಿನ ಸುತ್ತ ಒರಗುತ್ತದೆಯೋ ಆ ಬಿಂದುವೂ ಇಳಿಯುತ್ತದೆ, ಗುರುತ್ವಕೇಂದ್ರಕ್ಕಿಂತ ಬೇಗ ಇಳಿಯುತ್ತದೆ. ಎರಡರ ನಡುವಿನ ಅಂತರವೇ ಕಾರನ್ನು ಒರಗಿಸುವ ಸನ್ನೆಗೋಲು, ಅದು ಉದ್ದವಾಗುತ್ತದೆ. ಇದನ್ನು ಮರೆಮಾಚಲು ಇನ್ನೂ ಗಟ್ಟಿ ಸ್ಪ್ರಿಂಗ್ ಬೇಕಾಗುತ್ತದೆ. ಸ್ಟಿಯರಿಂಗ್ ಕಡ್ಡಿಗಳ ಓರೆಯೂ ಕೆಡುವುದರಿಂದ ಉಬ್ಬು ಸಿಕ್ಕಾಗ ಚಕ್ರ ತಾನಾಗಿ ಅತ್ತಿತ್ತ ತಿರುಗಲು ಶುರುಮಾಡುತ್ತದೆ. ಒಂದು ತಪ್ಪಿಗೆ ಇನ್ನೊಂದು ಮದ್ದು, ಆ ಮದ್ದಿಗೆ ಮತ್ತೊಂದು ಮದ್ದು. ಇಷ್ಟೆಲ್ಲ ಯಾಕೆ? ಪಾರ್ಕಿಂಗಿನಲ್ಲಿ ನಿಂತಾಗ ಚೆಂದ ಕಾಣುತ್ತದೆ ಎಂದು. ಚೆಂದ ಕಾಣುವುದು ಸಣ್ಣ ವಿಷಯ ಎಂದು ನಾನು ಹೇಳುವುದಿಲ್ಲ, ಕಾರನ್ನು ಪ್ರೀತಿಸುವವರಿಗೆ ಅದೂ ಬೇಕು. ಅದಕ್ಕೆ ತೆತ್ತ ಬೆಲೆ ಏನೆಂದು ಗೊತ್ತಿರಬೇಕು, ಅಷ್ಟೆ.

ನಿಜವಾದ ಸುಧಾರಣೆಯೊಂದು ಇದರ ತದ್ವಿರುದ್ಧ ದಿಕ್ಕಿನಲ್ಲಿದೆ, ಅದಕ್ಕೆ ಖರ್ಚೂ ಹೆಚ್ಚಿಲ್ಲ. 1998ರಲ್ಲಿ ಬಂದ ಎರಡನೆಯ ಪೀಳಿಗೆಯ ಮಿಯಾಟಾದಲ್ಲಿ ಮಜ್ದಾದವರೇ ಶಾಕ್‌ನ ಮೇಲಿನ ಟೊಪ್ಪಿಯನ್ನು, ಎಂದರೆ ಅದನ್ನು ಮೈಗೆ ಬಿಗಿಯುವ ಬಟ್ಟಲನ್ನು, ಬದಲಾಯಿಸಿದರು. ಆ ಟೊಪ್ಪಿಯನ್ನು ಹಳೆಯ ಕಾರಿಗೆ ಹಾಕಿದರೆ ಚಕ್ರಕ್ಕೆ ಮೇಲೇರಲು ಇನ್ನಷ್ಟು ಜಾಗ ಸಿಗುತ್ತದೆ. ಹಳೆಯ ಮಿಯಾಟಾ ಇಟ್ಟುಕೊಂಡವರ ನಡುವೆ ಇದು ಗೊತ್ತಿರುವ ಉಪಾಯ. ಮೂಲ ಲೇಖಕನೇ ಎರಡನೆಯ ಮುದ್ರಣದಲ್ಲಿ ತಿದ್ದಿದ ಸಾಲನ್ನು ಮೊದಲ ಮುದ್ರಣದ ಪ್ರತಿಗೆ ಬರೆದುಕೊಂಡ ಹಾಗೆ. ಇಂಥ ತಿದ್ದುಪಡಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ.

ಶಾಕ್ ಅಬ್ಸಾರ್ಬರ್ ಎಂಬುದು ಹೆಸರಿನಲ್ಲೇ ಹಾದಿ ತಪ್ಪಿಸುವ ವಸ್ತು. ಆಘಾತವನ್ನು ನುಂಗುವುದು ಸ್ಪ್ರಿಂಗ್. ಶಾಕ್‌ನ ಕೆಲಸ, ಸ್ಪ್ರಿಂಗ್ ನುಂಗಿದ್ದನ್ನು ಮತ್ತೆ ಉಗುಳದಂತೆ ತಡೆದು, ಎಣ್ಣೆಯನ್ನು ಸಣ್ಣ ಕಂಡಿಗಳಲ್ಲಿ ತೂರಿಸಿ, ಆ ಶಕ್ತಿಯನ್ನು ಬಿಸಿಯಾಗಿ ಬಿಟ್ಟುಬಿಡುವುದು. ತೊಟ್ಟಿಲನ್ನು ಒಮ್ಮೆ ತಳ್ಳಿದರೆ ತೂಗುತ್ತಲೇ ಇರುತ್ತದೆ. ಅದೇ ತೊಟ್ಟಿಲು ನೀರಿನಲ್ಲಿ ಮುಳುಗಿದ್ದರೆ ಒಂದು ಸಲ ಹೋಗಿ ಬಂದು ನಿಲ್ಲುತ್ತದೆ. ಜೇನುತುಪ್ಪದಲ್ಲಿ ಮುಳುಗಿದ್ದರೆ ವಾಪಸು ಬರುವುದಕ್ಕೇ ಯುಗ ಹಿಡಿಯುತ್ತದೆ. ಒಳ್ಳೆಯ ಸ್ಪೋರ್ಟ್ಸ್ ಕಾರಿಗೆ ಬೇಕಾದದ್ದು ನೀರು ಮತ್ತು ಜೇನಿನ ನಡುವಿನ ಯಾವುದೋ ಒಂದು ದ್ರವ. ಕಷ್ಟ ಏನೆಂದರೆ, ಅದು ಎಲ್ಲ ವೇಗದಲ್ಲೂ ಒಂದೇ ಆಗಿರಬಾರದು. ಕಾರು ತಿರುವಿನಲ್ಲಿ ಒರಗುವಾಗ, ಬ್ರೇಕಿಗೆ ಮೂಗು ಬಗ್ಗುವಾಗ, ಶಾಕ್‌ನ ಪಿಸ್ಟನ್ ನಿಧಾನಕ್ಕೆ ಚಲಿಸುತ್ತದೆ, ಸೆಕೆಂಡಿಗೆ 10 ಸೆಂ.ಮೀ.ಗೂ ಕಡಿಮೆ. ಆಗ ಬಿಗಿ ಬೇಕು. ಹೊಂಡದ ಚೂಪು ಅಂಚಿಗೆ ಚಕ್ರ ಬಡಿದಾಗ ಅದೇ ಪಿಸ್ಟನ್ ಹತ್ತು ಪಟ್ಟು ವೇಗದಲ್ಲಿ ಚಿಮ್ಮುತ್ತದೆ. ಆಗ ಸಡಿಲಬೇಕು, ತೆಳು ಉಕ್ಕಿನ ಬಿಲ್ಲೆಗಳು ಬಾಗಿ ಎಣ್ಣೆಗೆ ದಾರಿ ಬಿಡಬೇಕು. ಅಗ್ಗದ ಶಾಕ್‌ಗಳಲ್ಲಿ ಹೆಚ್ಚಿನವು ತಲೆಕೆಳಗು. ಬರಿಯ ತೂತಿನಲ್ಲಿ ಎಣ್ಣೆ ಹರಿಯಬಿಟ್ಟರೆ ತಡೆ ವೇಗದ ವರ್ಗದಂತೆ ಬೆಳೆಯುತ್ತದೆ. ನಿಧಾನದಲ್ಲಿ ಕಾರು ತೇಲುತ್ತದೆ, ಹೊಂಡಕ್ಕೆ ಬಿದ್ದಾಗ ಕಲ್ಲಾಗುತ್ತದೆ. ನಾನು ಕೊಂಡ ಸೆಟ್ಟು ಅಂಥದ್ದು. ಮೇಲೆ ತಿರುಪಲು 32 ಹಂತದ ಗುಂಡಿಯಿತ್ತು. ಯಾವ ಹಂತಕ್ಕೆ ತಿರುಪಿದರೂ ಆ ಸ್ವಭಾವ ಬದಲಾಗಲಿಲ್ಲ. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಒಂದರ ಸೀಲು ಕಿತ್ತು ಎಣ್ಣೆ ಚಕ್ರದ ಮೇಲೆ ಹರಿಯಿತು. ಮಾರಿದವರು ದೂರಿಗೆ ಉತ್ತರ ಕೊಡಲಿಲ್ಲ.

ಆ ಕಾಲದಲ್ಲೇ ಅಮ್ಮ ತೀರ್ಥಹಳ್ಳಿಯಿಂದ ಬಂದಿದ್ದರು. ಪಕ್ಕದ ಸೀಟಿನಲ್ಲಿ ಕೂತು ಏನೋ ಹೇಳಲು ಹೊರಟರೆ ರಸ್ತೆಯ ಪ್ರತಿ ಗಂಟಿಗೂ ಮಾತು ತುಂಡಾಗುತ್ತಿತ್ತು. ಸ್ವಲ್ಪ ಹೊತ್ತು ನೋಡಿ ಸುಮ್ಮನಾದರು, ಮನೆ ಮುಟ್ಟುವವರೆಗೂ ಬಾಗಿಲ ಹಿಡಿ ಬಿಡಲಿಲ್ಲ.

ಒಳ್ಳೆಯ ಶಾಕ್ ಯಾವುದು ಎಂದು ಕೇಳಿದರೆ ಹಳೆಯ ಹೆಸರುಗಳನ್ನೇ ಹೇಳುತ್ತೇನೆ. ಜರ್ಮನಿಯ ಬಿಲ್‌ಸ್ಟೈನ್, ಫ್ರೆಂಚ್ ಎಂಜಿನಿಯರ್ ದ ಕಾರ್ಬೋನ್ ರೂಪಿಸಿದ ಒತ್ತಡದ ಅನಿಲದ ಏಕನಳಿಕೆಯ ಶಾಕ್ ಅನ್ನು 1950ರ ದಶಕದಿಂದ ಬೆಳೆಸಿಕೊಂಡು ಬಂದವರು. ಅನಿಲ ಎಣ್ಣೆಯನ್ನು ಸದಾ ಒತ್ತಿಹಿಡಿದಿರುವುದರಿಂದ ಬಿಸಿಯೇರಿದರೂ ಅದು ನೊರೆಯಾಗುವುದಿಲ್ಲ. 1994ರಲ್ಲಿ ಮಜ್ದಾ ತಾನೇ ಹೊರತಂದ ಬಿಗಿಯಾದ ಮಿಯಾಟಾಗೆ, ಆರ್ ಪ್ಯಾಕೇಜ್ ಎಂದು ಕರೆದದ್ದಕ್ಕೆ, ಬಿಲ್‌ಸ್ಟೈನ್ ಹಾಕಿತ್ತು. ಡಚ್ಚರ ಕೋನಿಯಲ್ಲಿ, ಚಕ್ರ ಕೆಳಕ್ಕೆ ಚಾಚುವಾಗಿನ ಬಿಗಿಯನ್ನಷ್ಟೇ ಹೊಂದಿಸಬಹುದು. ಒಂದೇ ತಿರುಪು, ಒಂದೇ ಕೆಲಸ, ಆದರೆ ಆ ತಿರುಪು ನಿಜವಾಗಿ ಏನನ್ನೋ ಮಾಡುತ್ತದೆ. ಕಾಲು ಸುತ್ತು ತಿರುಗಿಸಿ ಓಡಿಸಿದರೆ ಕೈಗೆ ತಿಳಿಯುತ್ತದೆ. ಇವೆರಡೂ ಕಾರನ್ನು ನೆಲಕ್ಕೆ ಹತ್ತಿಸುವ ಭರವಸೆ ಕೊಡುವುದಿಲ್ಲ, ಅದೇ ನನಗೆ ಅವುಗಳ ಮೇಲೆ ನಂಬಿಕೆ ಬರಲು ಕಾರಣ.

ಆದರೂ, ದುಡ್ಡು ಇರುವುದು ಒಂದೇ ಕೆಲಸಕ್ಕೆ ಎಂದು ಯಾರಾದರೂ ಬಂದರೆ ನಾನು ಶಾಕ್ ಕೂಡ ಹೇಳುವುದಿಲ್ಲ. ಬುಷ್ ಬದಲಾಯಿಸಿ ಎನ್ನುತ್ತೇನೆ. ತೋಳುಗಳು ಮೈಗೆ ಸೇರುವ ಪ್ರತಿ ಗಂಟಿನಲ್ಲೂ ರಬ್ಬರಿನ ಒಂದು ಬುಷ್ ಇದೆ. ಮೂವತ್ತು ವರ್ಷದ ರಬ್ಬರು ಒಣಗಿ, ಸೀಳಿ, ಕಲ್ಲಾಗಿರುತ್ತದೆ, ಇಲ್ಲವೇ ಎಣ್ಣೆ ಕುಡಿದು ಬೆಣ್ಣೆಯಾಗಿರುತ್ತದೆ. ಆಗ ತೋಳು ತಾನಿರಬೇಕಾದ ಜಾಗದಲ್ಲಿ ಇರುವುದಿಲ್ಲ. ಬ್ರೇಕ್ ಒತ್ತಿದರೆ ಚಕ್ರ ಹಿಂದಕ್ಕೆ ಜರುಗುತ್ತದೆ, ತಿರುವಿನಲ್ಲಿ ಓರೆ ಕೆಡುತ್ತದೆ. ಹಳೆಯ ಕಾರು ಸಡಿಲ ಎಂದು ಜನ ದೂರುವುದರಲ್ಲಿ ಮುಕ್ಕಾಲು ಪಾಲು ಇದೇ. ಆ ಸಡಿಲವನ್ನು ಗಟ್ಟಿ ಸ್ಪ್ರಿಂಗ್ ಹಾಕಿ ಮುಚ್ಚಲು ಹೋಗುವುದು, ಜ್ವರ ಬಂದವನಿಗೆ ಬಿಗಿಯಾದ ಅಂಗಿ ತೊಡಿಸಿದ ಹಾಗೆ.

ಇಲ್ಲೂ ಅಪ್‌ಗ್ರೇಡ್ ಎಂದು ಮಾರುವುದು ಪಾಲಿಯುರೆಥೇನ್ ಬುಷ್. ಗಟ್ಟಿ, ಬಣ್ಣ ಚೆಂದ, ಬಾಳಿಕೆ ಹೆಚ್ಚು. ರಬ್ಬರ್ ಬುಷ್ ಒಳಗಿನ ಉಕ್ಕಿನ ಕೊಳವೆಗೂ ಹೊರಗಿನ ಬಳೆಗೂ ಅಂಟಿಕೊಂಡಿರುತ್ತದೆ, ತೋಳು ಏರಿಳಿದಾಗ ತಾನೇ ತಿರುಚಿಕೊಂಡು ಬಿಡಿಸಿಕೊಳ್ಳುತ್ತದೆ. ಒಳಗೆ ಎಲ್ಲೂ ಉಜ್ಜಾಟ ಇಲ್ಲ. ಪಾಲಿ ಬುಷ್ ಕೊಳವೆಯ ಮೇಲೆ ಜಾರುತ್ತದೆ. ಗ್ರೀಸು ಒಣಗಿತೋ, ಕಿರುಗುಟ್ಟಲು ಶುರು, ಆಮೇಲೆ ಹಿಡಿದುಕೊಳ್ಳಲು ಶುರು. ಸಣ್ಣ ಸಣ್ಣ ಏರಿಳಿತಗಳನ್ನು ಸ್ಪ್ರಿಂಗ್ ತಿಳಿಯುವುದಕ್ಕೂ ಮುಂಚೆ ಆ ಉಜ್ಜಾಟ ನುಂಗಿಬಿಡುತ್ತದೆ, ಕಾರು ಮರಗಟ್ಟುತ್ತದೆ. ರೇಸಿಗೆ ಬೇರೆ ನ್ಯಾಯ ಇರಬಹುದು. ರಸ್ತೆಗೆ ರಬ್ಬರೇ ಸರಿ.

ರಬ್ಬರ್ ಬುಷ್ ಹಾಕುವಾಗ ಒಂದು ಸೂಕ್ಷ್ಮ ಇದೆ. ಕಾರು ಜ್ಯಾಕಿನ ಮೇಲೆ, ಚಕ್ರಗಳು ಜೋತುಬಿದ್ದಿರುವಾಗ ಬೋಲ್ಟ್ ಬಿಗಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದ ಪ್ರತಿ ಬುಷ್ ತಿರುಚಿಕೊಂಡೇ ಬದುಕಬೇಕಾಗುತ್ತದೆ. ಕಾರಿನ ಎತ್ತರ ಕೆಡುತ್ತದೆ, ರಬ್ಬರು ಬೇಗ ಹರಿಯುತ್ತದೆ. ಸಡಿಲವಾಗಿ ಜೋಡಿಸಿ, ಚಕ್ರಗಳ ಮೇಲೆ ಪೂರ್ತಿ ಭಾರ ಬಿಟ್ಟು, ಆಮೇಲೆ ಕೆಳಗೆ ತೂರಿಕೊಂಡು ಬಿಗಿಯಬೇಕು. ಕೆಳತೋಳಿನ ಬೋಲ್ಟುಗಳು ಚಕ್ರದ ಓರೆ ಹೊಂದಿಸುವ ಬೋಲ್ಟುಗಳೂ ಆಗಿವೆ, ಉಪ್ಪು ಮತ್ತು ಮಳೆ ಕಂಡ ಕಾರುಗಳಲ್ಲಿ ಅವು ಕೊಳವೆಗೆ ತುಕ್ಕು ಹಿಡಿದು ಒಂದಾಗಿಬಿಟ್ಟಿರುತ್ತವೆ. ನನ್ನ ಕಾರಿನಲ್ಲಿ ಒಂದನ್ನು ಗರಗಸದಿಂದ ಕೊಯ್ಯಲು ಇಡೀ ಭಾನುವಾರ ಹೋಯಿತು. ಇಂಥ ಕೆಲಸದ ಫೋಟೊ ತೆಗೆದು ಯಾರಿಗೂ ತೋರಿಸಲಾಗದು, ಕಾರಿನ ಹೊರಗೆ ಏನೂ ಬದಲಾದಂತೆ ಕಾಣುವುದಿಲ್ಲ. ಓಡಿಸಿದರೆ ಮಾತ್ರ, ಸ್ಟಿಯರಿಂಗ್ ನಡುಬಿಂದುವಿನ ಸುತ್ತ ಇದ್ದ ಮಂಜು ಕರಗಿದೆ ಎಂದು ಮೊದಲ ಹತ್ತು ಗಜದಲ್ಲೇ ಗೊತ್ತಾಗುತ್ತದೆ.

ಟಯರಿನ ಬಗ್ಗೆ ಒಂದು ಮಾತು. ಮೂಲ ಅಳತೆ 185/60, 14 ಇಂಚಿನ ರಿಮ್ಮು. ಟಯರಿನ ಗೋಡೆಯ ಎತ್ತರ 111 ಮಿ.ಮೀ. ಈಗ ಹೆಚ್ಚಿನವರು 15 ಇಂಚಿಗೆ, 205/50ಕ್ಕೆ ಹೋಗುತ್ತಾರೆ. ಗೋಡೆ ಒಂದು ಸೆಂಟಿಮೀಟರಿನಷ್ಟು ಗಿಡ್ಡ. ರಿಮ್ಮು ಹಗುರವಾಗಿದ್ದರೆ ನನಗೆ ಅಡ್ಡಿಯಿಲ್ಲ. 17 ಇಂಚಿಗೆ ಹೋದವರು ಕಾರಿನ ಮೊದಲ ಸ್ಪ್ರಿಂಗನ್ನೇ, ಎಂದರೆ ಟಯರಿನ ಗಾಳಿಯನ್ನೇ, ಕಳೆದುಕೊಂಡಿರುತ್ತಾರೆ.

ಇನ್ನು ಮೈಯ ಮಾತು. ಇದು ಚಾವಣಿಯಿಲ್ಲದ ಕಾರು. ಅಡಿಯಲ್ಲಿ ಉದ್ದಕ್ಕೆ ಓಡುವ ತೆಳು ತಗಡಿನ ತೊಲೆಗಳು, ಮೂವತ್ತು ವರ್ಷ ಎಲ್ಲೆಂದರಲ್ಲಿ ಜ್ಯಾಕ್ ಕೊಟ್ಟವರ ದೆಸೆಯಿಂದ, ಹೆಚ್ಚಿನ ಕಾರುಗಳಲ್ಲಿ ಚಪ್ಪಟೆಯಾಗಿವೆ. ಸ್ಪ್ರಿಂಗ್ ಬಾಗಬೇಕಾದರೆ ಅದರ ಇನ್ನೊಂದು ತುದಿ ಅಲುಗದ ವಸ್ತುವಿಗೆ ಊರಿರಬೇಕು. ಸ್ಪ್ರಿಂಗ್ ಮೈಗಿಂತ ಗಟ್ಟಿಯಾಗುತ್ತ ಹೋದರೆ ಬಾಗುವ ಕೆಲಸವನ್ನು ಮೈ ಮಾಡುತ್ತದೆ, ಮೈಗೆ ಶಾಕ್ ಅಬ್ಸಾರ್ಬರ್ ಇಲ್ಲ. ಗಾಜಿನ ಚೌಕಟ್ಟು ನಡುಗುವುದು, ಕನ್ನಡಿಯಲ್ಲಿ ಹಿಂದಿನ ರಸ್ತೆ ಮಸಕಾಗುವುದು, ಬಾಗಿಲು ಕಟಕಟ ಎನ್ನುವುದು ಆಗಲೇ. ಗಟ್ಟಿ ಸೆಟ್ಟು ಹಾಕಿದ ಆ ಎರಡು ವರ್ಷದಲ್ಲಿ ನನ್ನ ಕಾರು ಅದರ ಹಿಂದಿನ ಹತ್ತು ವರ್ಷಕ್ಕಿಂತ ಹೆಚ್ಚು ಮುದಿಯಾಯಿತು ಎಂದು ನನಗೆ ಅನ್ನಿಸುತ್ತದೆ, ಅದು ಮನಸ್ಸಿಗೆ ಚುಚ್ಚುತ್ತದೆ.

ಗಟ್ಟಿ ಪಕ್ಷದ ಅತ್ಯುತ್ತಮ ವಾದ ರೇಸ್ ಟ್ರ್ಯಾಕಿನಿಂದ ಬರುತ್ತದೆ. ಅಮೆರಿಕದಲ್ಲಿ ಸ್ಪೆಕ್ ಮಿಯಾಟಾ ಎಂಬ ರೇಸ್ ವರ್ಗವೇ ಇದೆ; ಹಳೆಯ ಮಿಯಾಟಾಗಳು ಮೂಲದ ಹಲವು ಪಟ್ಟು ಗಟ್ಟಿ ಸ್ಪ್ರಿಂಗ್ ಹಾಕಿಕೊಂಡು ಕನ್ನಡಿಗೆ ಕನ್ನಡಿ ತಾಗಿಸಿ ಓಡುತ್ತವೆ. ಮಾಂಟೆರೆಯ ಬಳಿಯ ಲಗುನಾ ಸೇಕಾದಲ್ಲಿ, ಕಾರ್ಕ್‌ಸ್ಕ್ರೂ ಎಂಬ ಕಡಿದಾದ ಎಡ-ಬಲ ತಿರುವಿಗೆ ಅವು ಸಾಲಾಗಿ ಧುಮುಕುವುದನ್ನು ಬೇಲಿಯ ಬದಿಯಲ್ಲಿ ನಿಂತು ನೋಡಿದ್ದೇನೆ. ಒಂದು ದಿಕ್ಕಿನಿಂದ ಇನ್ನೊಂದಕ್ಕೆ ಭಾರ ಹೊರಳುವುದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ. ರೇಸಿನ ಜಿಗುಟು ಟಯರು ಕೊಡುವ ಹಿಡಿತಕ್ಕೆ ಆ ಸ್ಪ್ರಿಂಗ್ ಬೇಕೇ ಬೇಕು, ಇಲ್ಲದಿದ್ದರೆ ಕಾರು ಬಂಪ್‌ಸ್ಟಾಪ್ ಮೇಲೆ ಬಿದ್ದು ಜಾರಿಹೋಗುತ್ತದೆ. ಅದು ಸತ್ಯ, ಅಲ್ಲಿ ಅದು ಸುಂದರವೂ ಹೌದು. ಅಲ್ಲಿ ಡಾಂಬರು ಕುಸಿದಿರುವುದಿಲ್ಲ, ಎದುರಿನಿಂದ ಲಾರಿ ಬರುವುದಿಲ್ಲ. ಟ್ರ್ಯಾಕಿನ ಉತ್ತರವನ್ನು ಬೆಟ್ಟದ ರಸ್ತೆಯ ಪ್ರಶ್ನೆಗೆ ಬರೆಯುವುದರಲ್ಲಿ ತಪ್ಪಿರುವುದು.

ಇನ್ನೊಂದು ತುದಿಯಲ್ಲಿ, ಏನನ್ನೂ ಮುಟ್ಟಬಾರದು ಎನ್ನುವವರಿದ್ದಾರೆ. ಅವರ ಕಡೆ ನನ್ನ ಮನಸ್ಸು ವಾಲುತ್ತದೆ, ಪೂರ್ತಿ ವಾಲುವುದಿಲ್ಲ. 2017ರಲ್ಲಿ ಮಜ್ದಾ ಜಪಾನಿನಲ್ಲಿ ಮೊದಲ ಪೀಳಿಗೆಯ ರೋಡ್‌ಸ್ಟರ್‌ಗಳನ್ನು ತಾನೇ ಪುನರುಜ್ಜೀವನ ಮಾಡಿಕೊಡುವುದಾಗಿ ಸಾರಿತು. ನಿಂತುಹೋಗಿದ್ದ ಬಿಡಿಭಾಗಗಳನ್ನು ಮತ್ತೆ ತಯಾರಿಸಲು ತೊಡಗಿತು. ಮರದ ನಾರ್ಡಿ ಸ್ಟಿಯರಿಂಗ್ ಚಕ್ರ ಮರಳಿತು. ಬ್ರಿಡ್ಜ್‌ಸ್ಟೋನ್ ಕಂಪನಿ ಎಸ್‌ಎಫ್325 ಎಂಬ ಆ ಕಾಲದ ಟಯರನ್ನೇ, 185/60 ಅಳತೆಯಲ್ಲಿ, ಮತ್ತೆ ಮಾಡಿಕೊಟ್ಟಿತು. ಒಂದು ಕಾರು ಹೇಗೆ ಓಡುತ್ತದೆ ಎಂಬುದು ಅದರ ಟಯರಿನವರೆಗೂ ಸೇರಿದ ವಿಷಯ, ಅದನ್ನೂ ಕಾಪಾಡಬೇಕು ಎಂದು ಒಂದು ಕಾರ್ಖಾನೆ ಒಪ್ಪಿಕೊಂಡದ್ದು ನನಗೆ ದೊಡ್ಡ ಸಂಗತಿ. ಆದರೆ ಮೂಲದ ಜಾಗದ ಬಡತನವೂ ಅದರ ಜೊತೆಗೇ ಉಳಿಯುತ್ತದೆ. ವಸ್ತುಸಂಗ್ರಹಾಲಯದ ಪ್ರತಿಗೆ ಅದು ಸರಿ. ವಾರಕ್ಕೆ ಮೂರು ದಿನ ಬೆಟ್ಟ ಹತ್ತುವ ಕಾರಿಗೆ, ಮೂಲದವರು ಏನು ಬಯಸಿದ್ದರೋ ಅದನ್ನು ಅವರಿಗಿಂತ ಒಂದು ಹೆಜ್ಜೆ ಮುಂದಕ್ಕೆ ಒಯ್ಯುವುದರಲ್ಲಿ ದ್ರೋಹವಿಲ್ಲ.

ಈಗ ಕಾರಿನ ಕೆಳಗಿರುವ ಮೂರನೆಯ ಏರ್ಪಾಡು ಇಷ್ಟು. ಹೊಸ ರಬ್ಬರ್ ಬುಷ್‌ಗಳು. ಕೋನಿ ಶಾಕ್‌ಗಳು, ಮೆತ್ತನೆಯ ತುದಿಯಿಂದ ಅರ್ಧ ಸುತ್ತು ಬಿಗಿದದ್ದು. ಎರಡನೆಯ ಪೀಳಿಗೆಯ ಟೊಪ್ಪಿಗಳು. ಮೂಲಕ್ಕಿಂತ ಸ್ವಲ್ಪ ಮಾತ್ರ ಗಟ್ಟಿಯಾದ ಸ್ಪ್ರಿಂಗ್. ಒರಗುವುದನ್ನು ತಡೆಯುವ ಕಂಬಿ ಕಾರ್ಖಾನೆಯದೇ. ಎತ್ತರ ಕಾರ್ಖಾನೆ ಹೇಳಿದ್ದಕ್ಕಿಂತ ಒಂದು ಬೆರಳು ಕಡಿಮೆ. ಚಕ್ರಗಳ ಓರೆಯನ್ನು ಹೊಂದಿಸುವಾಗ ಚಾಲಕನ ಸೀಟಿನಲ್ಲಿ ನನ್ನ ತೂಕದಷ್ಟು ಮರಳಿನ ಚೀಲಗಳನ್ನು ಇಟ್ಟಿದ್ದೆವು. ತಿರುವಿನಲ್ಲಿ ಕಾರು ಈಗಲೂ ಒರಗುತ್ತದೆ, ಒರಗಿ ಒಂದು ಕಡೆ ನಿಲ್ಲುತ್ತದೆ, ಅಲ್ಲಿಂದ ಅದು ನನಗೆ ಟಯರಿನಲ್ಲಿ ಇನ್ನೆಷ್ಟು ಉಳಿದಿದೆ ಎಂದು ಹೇಳುತ್ತದೆ. ಗಟ್ಟಿ ಸೆಟ್ಟಿನಲ್ಲಿ ಆ ಮಾತುಕತೆಯೇ ಇರಲಿಲ್ಲ, ಹಿಡಿತ ಇತ್ತು, ಆಮೇಲೆ ಇರಲಿಲ್ಲ. ಹಿಂದಿನ ಸ್ಪ್ರಿಂಗ್ ಇನ್ನೂ ಸ್ವಲ್ಪ ಚುರುಕಾಗಬೇಕು; ಓಲಿಯ ಲೆಕ್ಕಕ್ಕೆ ನನ್ನದು ಇನ್ನೂ ಪೂರ್ತಿ ಕೂಡಿಲ್ಲ. ಉದ್ದದ ಹಂಪ್‌ಗಳಲ್ಲಿ ಬಾಲ ಒಂದು ಗಳಿಗೆ ತಡವಾಗಿ ಕೂರುವುದು ಬೆನ್ನಿಗೆ ತಿಳಿಯುತ್ತದೆ.

ಹೋದ ಚಳಿಗಾಲದಲ್ಲಿ ಅಮ್ಮ ಮತ್ತೆ ಬಂದಿದ್ದರು. ಮಳೆ ಬಿಟ್ಟ ಒಂದು ಮಧ್ಯಾಹ್ನ ಟಾಪು ಇಳಿಸಿ ಬೆಟ್ಟಕ್ಕೆ ಹೋದೆವು. ಇಳಿಯುವಾಗ ಅವರು ಈ ಸಲದ ಅಡಿಕೆ ಕೊಯ್ಲಿಗೆ ಕೊನೆಗಾರ ಸಿಗದೆ ಚಿಕ್ಕಪ್ಪ ಪಟ್ಟ ಪಾಡನ್ನು ಹೇಳುತ್ತಿದ್ದರು. ಎಡ ತಿರುವು ಬಂತು. ತಗ್ಗು ಇನ್ನೂ ಅಗಲವಾಗಿತ್ತು, ಒಳಗೆ ನೀರು ನಿಂತಿತ್ತು. ಒಳಮಗ್ಗುಲ ಚಕ್ರ ಅದರೊಳಗೆ ಇಳಿದು, ತಳ ಮುಟ್ಟಿ, ಹತ್ತಿ ಬಂದದ್ದು ನನ್ನ ಅಂಗೈಗೆ ಗೊತ್ತಾಯಿತು. ಅಮ್ಮ ಎರಡು ಮರ ಹತ್ತಿ ಅರ್ಧಕ್ಕೇ ಬಿಟ್ಟುಹೋದ ಹುಡುಗನ ಹೆಸರು ಹೇಳಿ, ಅವನಿಗೆ ಕೊಟ್ಟ ಮುಂಗಡ ಎಷ್ಟು ಎಂದು ಹೇಳಿ, ವಾಕ್ಯವನ್ನು ಮುಗಿಸಿದರು.